ಟೊಮೆಟೊ ಗಿಡಕ್ಕೆ ಕಟ್ಟಿದ ಸಿನಿಮಾ

"ಸಿನಿಮಾ ಅಂದ್ರೇನು ಅಂತ ಈ ಶನಿವಾರ ಇಡೀ ಸ್ಪ್ಲಿತ್ ಊರಿಗೆ ತೋರಿಸ್ತೀನಿ!" ಎಂದು ತೋನ್ಚಿ ಕಾಫಿ ಲೋಟ ಕುಕ್ಕಿ ಸಾರಿದ.

ಹಡಗು ಕಾರ್ಖಾನೆಯಲ್ಲಿ ನಕ್ಷೆ ಬರೆದು ನಿವೃತ್ತನಾದವನು. ಆದರೆ 1971ರಲ್ಲಿ ಊರ ಸಿನಿಮಾ ಕ್ಲಬ್ಬಿನ ಕ್ಯಾಮೆರಾ ಎರವಲು ತಂದು, ಕತೆಯಿಲ್ಲದ, ಮಾತಿಲ್ಲದ, ತಲೆಬುಡವೂ ಇಲ್ಲದ ಒಂಬತ್ತು ನಿಮಿಷದ ಪ್ರಯೋಗ ಚಿತ್ರ ಮಾಡಿದ್ದ. ಈಗ ಕ್ಲಬ್ಬಿನವರು ಶನಿವಾರದ ಪ್ರದರ್ಶನಕ್ಕೆ ಹಳಬರ ಚಿತ್ರಗಳನ್ನು ಕೇಳಿಕೊಂಡು ಬಂದಿದ್ದರು. ಬಿಟ್ಟಾನೆಯೇ!

ಅಟ್ಟದ ಡಬ್ಬಿ ಇಳಿಸಿ ಮುಚ್ಚಳ ತೆಗೆದ. ಒಳಗೆ ಬರೀ ಅಂಗಿಯ ಗುಂಡಿಗಳು!

"ನೆವೆಂಕಾ! ನನ್ನ ಸಿನಿಮಾ ಎಲ್ಲೇ?" ಎಂದು ಹೆಂಡತಿಯನ್ನು ಕೂಗಿದ.

"ಆ ಕಪ್ಪು ಪಟ್ಟಿನಾ? ಟೊಮೆಟೊ ಗಿಡಕ್ಕೆ ಕಟ್ಟಿದೀನಿ. ಮಳೆಗೂ ಕೊಳೆಯಲ್ಲ, ಭಾರಿ ಗಟ್ಟಿ!"

"ಅಯ್ಯೋ, ಅದು ಕಲೆ ಕಣೇ!"

"ಹೌದು ಮಾರಾಯ, ಅಲ್ಲಲ್ಲಿ ಹಸಿರು ಕಲೆ ಆಗಿದೆ."

ತೋನ್ಚಿ ಹಿತ್ತಿಲಿಗೆ ಓಡಿದ. ಗಂಟು ಬಿಚ್ಚಿದಂತೆಲ್ಲ ಗಿಡಗಳು ಒಂದೊಂದಾಗಿ ಸಾಷ್ಟಾಂಗ ಬಿದ್ದವು. ತುಂಡುಗಳನ್ನು ಸ್ನಾನದ ತೊಟ್ಟಿಯಲ್ಲಿ ತೊಳೆದು, ಕಾಲುಚೀಲಗಳ ನಡುವೆ ಒಣಹಾಕಿ, ಅಂಟುಪಟ್ಟಿ ಹಚ್ಚಿ ಜೋಡಿಸಿದ. ಯಾವುದು ಮೊದಲು, ಯಾವುದು ಕೊನೆ? ದೇವರಿಗೇ ಗೊತ್ತು!

"ಮುಂಚೆ ಏನಾದ್ರೂ ಗೊತ್ತಾಗ್ತಿತ್ತಾ?" ಎಂದಳು ನೆವೆಂಕ.

ಶನಿವಾರ ಸಂಜೆ ಪರದೆಯ ಮೇಲೆ ಗೀರುಗಳ ಜಡಿಮಳೆ. ಪಾಚಿ ಹರಿದಾಡಿತು, ಅಂಟು ಸಿಕ್ಕಲ್ಲೆಲ್ಲ ಚಿತ್ರ ಕುಪ್ಪಳಿಸಿತು. ತೋನ್ಚಿ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ನೋಡುತ್ತಾನೆ, ಹಸಿರಿನ ನಡುವೆ ಬಿಳಿ ಲಂಗದ ಹುಡುಗಿಯೊಬ್ಬಳು ಕಡಲದಂಡೆಯಲ್ಲಿ ನಡೆಯುತ್ತಾ ತಿರುಗಿ ನಕ್ಕಳು. ಇಪ್ಪತ್ತೆರಡರ ನೆವೆಂಕ!

"ಅವತ್ತು ಹೊಸ ಚಪ್ಪಲಿ ಕಚ್ತಿತ್ತು," ಪಕ್ಕದಲ್ಲಿ ಪಿಸುದನಿ. "ಆದ್ರೂ ಹನ್ನೊಂದು ಸಲ ನಡೆಸಿದೆ, ಪಾಪಿ."

"ನೀನ್ಯಾಕೆ ನಡೆದೆ ಮತ್ತೆ?"

"ಹನ್ನೆರಡನೇ ಸಲಾನೂ ನಡೀತಿದ್ದೆ. ನೀನೇ ಕೇಳ್ಲಿಲ್ಲ."

ತೋನ್ಚಿ ಮುಖದಿಂದ ಕೈ ತೆಗೆದ. ದೀಪ ಹತ್ತಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು!

"ತೋನ್ಚಿ ಮಾವ, ಆ ಹಸಿರು, ಆ ಗೀರು! ಹೇಗೆ ಸಾಧಿಸಿದ್ರಿ?" ಕ್ಲಬ್ಬಿನ ಕಾರ್ಯದರ್ಶಿ ಯಾಗೊಡ ಓಡಿ ಬಂದಳು.

ತೋನ್ಚಿ ಎದೆ ಉಬ್ಬಿಸಿದ. "ಅದು ನೋಡಮ್ಮ, ಅರ್ಧ ಶತಮಾನದ ಚಿಂತನೆ..."

"ಕೋಳಿಗೊಬ್ಬರ," ಎಂದಳು ನೆವೆಂಕ. "ದಿನಾ ಎರಡು ಹೊತ್ತು ನೀರು."

ಕ್ಷಣದಲ್ಲಿ ಎಲ್ಲರೂ ಪುಸ್ತಕ, ಪೆನ್ನು ಹಿಡಿದು ಅವಳನ್ನು ಮುತ್ತಿದರು. ಎಷ್ಟು ಬಿಸಿಲು? ಯಾವ ಮಣ್ಣು? ಯಾವ ತಿಂಗಳು? ಅವಳು ಗಂಭೀರವಾಗಿ ವಿವರಿಸತೊಡಗಿದಳು.

ಯಾಗೊಡ ತೋನ್ಚಿಯ ಭುಜ ತಟ್ಟಿದಳು.

"ಮಾವ, ಸ್ವಲ್ಪ ಆ ಕಡೆ ಸರೀತೀರಾ? ನಿರ್ದೇಶಕಿಯವರ ಫೋಟೊ ತೆಗೀಬೇಕು."