ರೆಸ್ಯೂಮೆಯ ನಾಲ್ಕು ಮೂಲೆಗೂ ಅರಿಶಿನ

ನಮ್ಮ ಕಡೆ ಯಾರಾದರೂ "ಕೆಲಸ ಬದಲಾಯಿಸ್ತಿದೀನಿ" ಅಂತ ಬಾಯಿ ಬಿಟ್ಟರೆ ಮುಗೀತು. ಅವನಿಗೆ ಕೆಲಸ ಸಿಗುತ್ತೋ ಬಿಡುತ್ತೋ, ಅವನಿಗೆ ಬುದ್ಧಿ ಹೇಳೋ ಕೆಲಸ ಮಾತ್ರ ನೆಂಟರಿಷ್ಟರಿಗೆಲ್ಲ ಅದೇ ದಿನ ಸಿಕ್ಕಿಬಿಡುತ್ತೆ. ಪದ್ಮನಾಭನಗರದಲ್ಲಿ ಈ ತಮಾಷೆ ಒಂದಲ್ಲ ಒಂದು ಮನೇಲಿ ನಡೀತಾನೇ ಇರುತ್ತೆ. ಈ ಸಲ ನಮ್ಮನೆ ಸರದಿ.

ನಾನು ವಿಲ್ಸನ್ ಗಾರ್ಡನ್ನಿನ ಒಂದು ಪ್ರೆಸ್ಸಿನಲ್ಲಿ ಹದಿನೆಂಟು ವರ್ಷ ಲಗ್ನಪತ್ರಿಕೆ ಕಂಪೋಸ್ ಮಾಡಿದವನು. ಈಗಿನವರಿಗೆ ಲಗ್ನಪತ್ರಿಕೆ ಬೇಡ. ಗಂಡು ಹೆಣ್ಣು ಗುಲಾಬಿ ಹೂವಿನ ಮಧ್ಯೆ ತೇಲೋ ಒಂದು ವಿಡಿಯೋ ಮಾಡಿ ಫೋನಿಗೆ ಬಿಸಾಕ್ತಾರೆ, ಆಯ್ತು ಕರೆದ ಹಾಗೆ. ನಮ್ಮ ಓನರ್ ಒಂದು ದಿನ ಕಾಫಿ ಕುಡೀತಾ, "ಯುಗಾದಿ ಮುಗಿದ್ಮೇಲೆ ಶಟರ್ ಎಳೀತೀನಿ ಕಣಯ್ಯ, ನೀನು ಬೇರೆ ದಾರಿ ನೋಡ್ಕೋ" ಅಂದ್ರು. ನನಗೆ ನಲವತ್ತಮೂರು. ಮಗಳು ಪಿಯುಸಿ. ಹೆದರಿಕೆ ಆಯ್ತು, ಯಾಕೆ ಸುಳ್ಳು ಹೇಳಲಿ. ಸಂಜೆ ಹೊತ್ತು ಬಿ.ಟಿ.ಎಂ. ಲೇಔಟಿನ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಆರು ತಿಂಗಳು ವೆಬ್ ಡೆವಲಪ್‌ಮೆಂಟ್ ಕಲಿತೆ. ವೆಬ್‌ಸೈಟ್ ಮಾಡೋದು ಕಷ್ಟ ಆಗಲಿಲ್ಲ ಸ್ವಾಮಿ. ಒಂದು ರೆಸ್ಯೂಮೆ ಮಾಡೋಷ್ಟರಲ್ಲಿ ಪ್ರಾಣ ಹೋಯ್ತು.

೧. ಬಾಲ್ಯದಿಂದಲೇ ಬಂದ ಗೀಳು

ಕೋರ್ಸ್ ಮುಗಿದವರಿಗೆ ರೆಸ್ಯೂಮೆ ಬರೆಸೋಕೆ ಅಂತ ಅಲ್ಲಿ ಒಬ್ಬ ಪ್ಲೇಸ್‌ಮೆಂಟ್ ಸಾರ್ ಇದ್ದ. ವಯಸ್ಸು ಇಪ್ಪತ್ತಾರು ಇರಬಹುದು. ಅವನೇ ಇನ್ನೂ ಎಲ್ಲೂ ಪ್ಲೇಸ್ ಆಗಿರಲಿಲ್ಲ ಅನ್ನೋದು ಆಮೇಲೆ ಗೊತ್ತಾಯ್ತು.

ನಾನು ಬರೆದು ತಂದಿದ್ದನ್ನ ನೋಡಿ ಮೂಗು ಮುರಿದ. "ಲಗ್ನಪತ್ರಿಕೆ ಅಂತೆಲ್ಲ ಹಾಕ್ಬೇಡಿ ಸಾರ್, ಚೀಪ್ ಆಗಿ ಕಾಣುತ್ತೆ. ವಿಷುವಲ್ ಕಮ್ಯುನಿಕೇಷನ್ ಸ್ಪೆಷಲಿಸ್ಟ್ ಅಂತ ಹಾಕಿ."

"ಹಾಗಂದ್ರೇನಪ್ಪ?"

"ಅದೇ ಸಾರ್, ಲಗ್ನಪತ್ರಿಕೆ ಮಾಡೋರು."

ಆಮೇಲೆ ಒಂದು ಟೆಂಪ್ಲೇಟ್ ಕೊಟ್ಟ. ಮೊದಲನೇ ಸಾಲೇ, "ಬಾಲ್ಯದಿಂದಲೂ ನನಗೆ ಕೋಡಿಂಗ್ ಅಂದರೆ ಗೀಳು." ನನ್ನ ಬಾಲ್ಯದಲ್ಲಿ ನಮ್ಮ ಬೀದಿಗೆಲ್ಲ ಇದ್ದಿದ್ದು ಒಂದು ಟಿ.ವಿ., ಅದನ್ನೂ ಆ ಮನೆಯವರು ಕಿಟಕಿ ಆಚೆಯಿಂದ ನೋಡೋಕೆ ಬಿಡ್ತಿದ್ರು. ಇದ್ದ ಗೀಳು ಅಂದರೆ ಗೋಲಿ. ಹೇಳಿದೆ. "ಎಲ್ರೂ ಹೀಗೇ ಹಾಕೋದು ಸಾರ್" ಅಂದ. ಕೆಳಗೆ ಬಣ್ಣದ ಪಟ್ಟಿಗಳು: ಎಚ್‌ಟಿಎಂಎಲ್ ತೊಂಬತ್ತು ಪರ್ಸೆಂಟ್, ಸಿಎಸ್‌ಎಸ್ ಎಂಬತ್ತೈದು. ಯಾರು ಅಳೆದಿದ್ದು ಅಂತ ಕೇಳಿದೆ. ಯಾವ ತಕ್ಕಡಿಯಲ್ಲಿ? "ಆ ಉಳಿದ ಹತ್ತು ಪರ್ಸೆಂಟು ಯಾವುದು ಬರಲ್ಲ ಅಂತ ಕೇಳಿದ್ರೆ ಏನಪ್ಪ ಹೇಳ್ಲಿ?"

"ಯಾರೂ ಕೇಳಲ್ಲ ಸಾರ್."

ಪಕ್ಕದ ಸೀಟಿನವರ ರೆಸ್ಯೂಮೆ ಇಣುಕಿ ನೋಡಿದೆ. ಅವರಿಗೂ ಬಾಲ್ಯದಿಂದಲೇ ಗೀಳು. ಅವರಿಗೂ ತೊಂಬತ್ತು. ನಮ್ಮ ಬ್ಯಾಚಿನ ಇಪ್ಪತ್ತು ಜನವೂ ತಮ್ಮ ದೊಡ್ಡ ಪ್ರಾಜೆಕ್ಟ್ ಅಂತ ಹಾಕಿಕೊಂಡಿದ್ದು ಒಂದೇ: ಇವತ್ತು ಮಾಡಬೇಕಾದ ಕೆಲಸಗಳನ್ನ ಪಟ್ಟಿ ಮಾಡೋ ಒಂದು ಆ್ಯಪ್. ಇಪ್ಪತ್ತು ಪಟ್ಟಿಯಲ್ಲೂ ಮೊದಲನೇ ಕೆಲಸ, "ಕೆಲಸ ಹುಡುಕಬೇಕು."

೨. ಹೆಸರುಗಳ ಸಾಲು

ಟೆಂಪ್ಲೇಟಿನ ಕೊನೆಯಲ್ಲಿ "ನಿಮ್ಮನ್ನು ಬಲ್ಲ ಇಬ್ಬರ ಹೆಸರು ಮತ್ತು ಫೋನ್ ನಂಬರ್" ಅಂತ ಇತ್ತು. ನಾನು ಪ್ರೆಸ್ ಓನರ್ ಹೆಸರು ಹಾಕಿ, ಇನ್ನೊಬ್ಬರು ಯಾರು ಅಂತ ಊಟಕ್ಕೆ ಕೂತಾಗ ಹೆಂಡತಿಯನ್ನ ಕೇಳಿದೆ. ಅದೇ ನಾನು ಮಾಡಿದ ತಪ್ಪು.

ಅವಳು ಅವರಪ್ಪನಿಗೆ ಹೇಳಿದಳು. ನಮ್ಮ ಮಾವನವರು ಸರ್ಕಾರಿ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿ ರಿಟೈರ್ ಆದವರು, ಎರಡು ಕ್ರಾಸ್ ಆಚೆ ಮನೆ. ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು, "ನೋಡಿ ಇವ್ರೇ, ನನ್ನ ಹೆಸರು ಹಾಕಿ. ಪೂರ್ತಿ ಹಾಕಿ, ಇನಿಷಿಯಲ್ ಎರಡೂ ಇರಲಿ" ಅಂದ್ರು. ಮಾವನ ಹೆಸರು ಹಾಕಿದ ಮೇಲೆ ನಮ್ಮ ಕಡೆಯವರು ಬಿಡ್ತಾರಾ? ಗೊಟ್ಟಿಗೆರೆಯಿಂದ ನಮ್ಮ ದೊಡ್ಡಪ್ಪ ಫೋನ್ ಮಾಡಿದ್ರು.

"ಲೋ, ಹೆಣ್ಣಿನ ಕಡೆಯವರ ಹೆಸರು ಮೇಲೆ ಹಾಕಿದೀಯಂತೆ?"

"ದೊಡ್ಡಪ್ಪ, ಇದು ಕೆಲಸದ ಕಾಗದ. ಇದ್ರಲ್ಲಿ ಹೆಣ್ಣು ಗಂಡು ಇಲ್ಲ."

"ನಾನಿನ್ನೂ ಬದುಕಿದೀನಿ ಕಣೋ."

ಈ ಮಾತು ನಾನು ಹದಿನೆಂಟು ವರ್ಷ ಕೇಳಿದೀನಿ. ಪ್ರೆಸ್ಸಿನಲ್ಲಿ ಅಕ್ಷರ ತಪ್ಪಿದ್ದಕ್ಕೆ ಜಗಳ ಆಗಿದ್ದು ಕಡಿಮೆ. ಚಿಕ್ಕಪ್ಪನ ಹೆಸರು ಸೋದರಮಾವನ ಹೆಸರಿಗಿಂತ ಒಂದು ಸಾಲು ಕೆಳಗೆ ಬಂತು ಅಂತ ಕಟ್ಟುಗಟ್ಟಲೆ ಕಾರ್ಡು ವಾಪಸ್ ಬಂದಿದ್ದು ಲೆಕ್ಕ ಇಲ್ಲ. ನಾಲ್ಕು ದಿನ ಫೋನು ಬಡ್ಕೊಳ್ತಾನೇ ಇತ್ತು. ಕೊನೆಗೆ ನಮ್ಮ ಪಾಪದ ಓನರ್ ಹೆಸರು ಎಗರಿಹೋಗಿ, ಎಡಗಡೆ ನಮ್ಮ ಕಡೆಯ ನಾಲ್ವರು, ಬಲಗಡೆ ಅವರ ಕಡೆಯ ಮೂವರು, ವಯಸ್ಸಿನ ಪ್ರಕಾರ ಎರಡು ಸಾಲು ನಿಂತರು. ಮೊಟ್ಟಮೊದಲು ದೊಡ್ಡಪ್ಪ. ನನ್ನ ವಿದ್ಯೆ, ಅನುಭವ ಎಲ್ಲ ಸೇರಿ ಅರ್ಧ ಪುಟ, ನನ್ನನ್ನು ಬಲ್ಲವರು ಅರ್ಧ ಪುಟ. ಅದರ ಕೆಳಗೆ ಮುಹೂರ್ತ ಒಂದು ಹಾಕಿದ್ದರೆ ಊಟಕ್ಕೇ ಬರಬಹುದಿತ್ತು.

೩. ಪಶುವೈದ್ಯರ ಮೊಹರು

"ಎಲ್ಲಾ ಸರಿ, ಅಟೆಸ್ಟ್ ಯಾರ ಹತ್ರ ಮಾಡಿಸ್ತೀರಿ?" ಅಂದ್ರು ಮಾವ.

"ಮಾವ, ಇದು ನಾನೇ ನನ್ನ ಬಗ್ಗೆ ಬರ್ಕೊಂಡಿರೋದು. ಇದನ್ನ ಯಾರೂ ಅಟೆಸ್ಟ್ ಮಾಡಲ್ಲ."

"ಅದಕ್ಕೇ ಮಾಡಿಸ್ಬೇಕು. ನೀವೇ ಬರ್ಕೊಂಡಿದ್ದನ್ನ ಯಾರು ನಂಬ್ತಾರೆ?"

ಮಾವ ಒಂದು ಪ್ರಿಂಟ್ ತಗೊಂಡು ಮಾರನೇ ದಿನ ಬೆಳಗ್ಗೆ ವಾಕಿಂಗಿಗೆ ಹೋದ್ರು. ಅವರ ವಾಕಿಂಗ್ ಗುಂಪಿನಲ್ಲಿ ಒಬ್ಬರು ರಿಟೈರ್ಡ್ ಪಶುವೈದ್ಯರು, ಗೆಜೆಟೆಡ್ ಆಫೀಸರ್ ಆಗಿದ್ದವರು. ರಿಟೈರ್ ಆಗಿ ಎಷ್ಟು ವರ್ಷ ಆಯ್ತೋ, ಮೊಹರನ್ನ ಮಾತ್ರ ಮನೆಗೆ ತಂದಿಟ್ಕೊಂಡಿದ್ದಾರೆ. ಹಸಿರು ಶಾಯಿಯಲ್ಲಿ ರುಜು ಹಾಕಿ, ಮೇಲೊಂದು ಮೊಹರು ಒತ್ತಿ ಕೊಟ್ಟರು. ನನಗೆ ಬಾಲ್ಯದಿಂದಲೂ ಕೋಡಿಂಗ್ ಗೀಳಿತ್ತು ಅನ್ನೋದಕ್ಕೆ ಈಗ ದನದ ಡಾಕ್ಟರ ಸಾಕ್ಷಿ ಇತ್ತು.

ಅಷ್ಟಕ್ಕೇ ಬಿಟ್ಟರಾ? ಶುಕ್ರವಾರ ಬೇರೆ. ನನ್ನ ಹೆಂಡತಿ ಆ ಹಾಳೆ ತಗೊಂಡು ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟಳು. ಮೊದಲನೇ ಲಗ್ನಪತ್ರಿಕೆ ದೇವರಿಗೆ ಅಲ್ವಾ, ಇದೂ ಹಾಗೇ ಅಂತ ಅವಳ ಲೆಕ್ಕ. ಇರಲಿ ಬಿಡು, ಸಂಜೆ ಬಂದು ಚೊಕ್ಕವಾದ ಕಾಪಿಯನ್ನ ನಾನೇ ಮೇಲ್ ಮಾಡ್ತೀನಿ ಅಂದುಕೊಂಡು ಪ್ರೆಸ್ಸಿಗೆ ಹೋದೆ. ಜೆ.ಪಿ. ನಗರದ ಒಂದು ಸಣ್ಣ ವೆಬ್ ಕಂಪನಿಯ ಮೇಲ್ ಅಡ್ರೆಸ್ಸನ್ನ ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ. ಯುಗಾದಿಗೆ ಮೂರೇ ವಾರ ಇತ್ತು. ಅಲ್ಲಿವರೆಗೆ ಕಳಿಸಿದ ಇಪ್ಪತ್ತು ಕಡೆ ಒಬ್ಬರೂ ಉತ್ತರ ಕೊಟ್ಟಿರಲಿಲ್ಲ. ಇದೊಂದೇ ನನ್ನ ಆಸೆ.

ಸಂಜೆ ಬಂದು ನೋಡಿದ್ರೆ ಚೀಟಿ ಇಲ್ಲ. ಹಾಳೆಯೂ ಇಲ್ಲ. ಮಾವ ಸೋಫಾ ಮೇಲೆ ಕೂತು ಕಾಫಿ ಕುಡೀತಿದ್ರು.

"ನಿಮ್ಮ ಕೆಲಸ ಹಗುರ ಮಾಡ್ದೆ ಇವ್ರೇ. ಬಸ್‌ಸ್ಟಾಪ್ ಹತ್ರ ಜೆರಾಕ್ಸ್ ಅಂಗಡೀಲಿ ಒರಿಜಿನಲ್ಲೇ ಸ್ಕ್ಯಾನ್ ಮಾಡಿಸಿ ಕಳಿಸಿಬಿಟ್ಟೆ. ಅರಿಶಿನ, ಮೊಹರು ಎಲ್ಲಾ ಕಲರ್‌ನಲ್ಲೇ ಚೆನ್ನಾಗಿ ಬಂದಿದೆ."

ಮಾವ ಅನ್ನೋ ಮರ್ಯಾದೆಗೆ ಬಾಯಿ ಮುಚ್ಚಿಕೊಂಡೆ, ಇಲ್ಲದಿದ್ದರೆ ಅವತ್ತು ಏನೇನು ಅಂದುಬಿಡ್ತಿದ್ದೆನೋ. ಅಡುಗೆ ಮನೆಗೆ ಹೋಗಿ ಎರಡು ಲೋಟ ನೀರು ಕುಡಿದೆ. ಹಿಂದಿನಿಂದ ಮಾವ ಕೂಗಿದ್ರು, "ವಿಷಯ ಅನ್ನೋ ಜಾಗದಲ್ಲಿ 'ಅಳಿಯನಿಗೆ ಹುದ್ದೆ ದಯಪಾಲಿಸುವ ಕುರಿತು' ಅಂತ ಹಾಕ್ಸಿದೀನಿ!"

೪. ನಾಲ್ವರು ಅಣ್ಣತಮ್ಮಂದಿರು

ಸೋಮವಾರ ಫೋನ್ ಬಂತು. ಬುಧವಾರ ಬನ್ನಿ ಅಂದ್ರು. ನಗೋಕೆ ಕರೀತಿದಾರೆ ಅಂತಲೇ ನನ್ನ ಅನುಮಾನ. ಆದರೂ ಹೋದೆ, ಬೇರೆ ಗತಿ ಏನಿತ್ತು.

ಒಂದು ಬೇಕರಿ ಮೇಲಿನ ಮಹಡಿಯಲ್ಲಿ ಆಫೀಸು. ಕಂಪನಿ ನಡೆಸೋ ಮೇಡಂ ಐವತ್ತರ ಆಸುಪಾಸಿನವರು, ನನ್ನ ರೆಸ್ಯೂಮೆಯನ್ನ ಕಲರ್ ಪ್ರಿಂಟ್ ತೆಗೆದು ಮುಂದೆ ಇಟ್ಕೊಂಡಿದ್ರು.

"ಈ ಮೂಲೆಗಳ ಡಿಸೈನ್ ಯಾವ ಸಾಫ್ಟ್‌ವೇರಲ್ಲಿ ಮಾಡಿದ್ರಿ?"

"ಅರಿಶಿನದಲ್ಲಿ ಮೇಡಂ."

ಅವರ ತುಟಿ ಅಲ್ಲಾಡಿತು, ನಗಲಿಲ್ಲ. "ಎಚ್‌ಟಿಎಂಎಲ್ ತೊಂಬತ್ತು ಪರ್ಸೆಂಟ್ ಅಂತಿದೆ. ಆ ಹತ್ತು ಯಾವುದು ಬರಲ್ಲ?"

ಬಂತಲ್ಲ! ಯಾರೂ ಕೇಳಲ್ಲ ಅಂದಿದ್ದನಲ್ಲ ಆ ಮಹಾನುಭಾವ! ನನಗೆ ತಲೆ ಕೆಟ್ಟುಹೋಯ್ತು. "ಮೇಡಂ, ಆ ತೊಂಬತ್ತು ಯಾರೋ ಹುಡುಗ ಹಾಕಿಕೊಟ್ಟಿದ್ದು. ನಂಗೆ ಬಾಲ್ಯದಲ್ಲಿ ಯಾವ ಗೀಳೂ ಇರ್ಲಿಲ್ಲ. ಆ ಸ್ಪೆಷಲಿಸ್ಟೂ ನಾನಲ್ಲ. ಹದಿನೆಂಟು ವರ್ಷ ಲಗ್ನಪತ್ರಿಕೆ ಮಾಡಿದೀನಿ. ಆರು ತಿಂಗಳಿಂದ ವೆಬ್ ಕಲ್ತಿದೀನಿ. ಕೆಲಸ ಕೊಟ್ರೆ ಮಾಡ್ತೀನಿ, ಇಲ್ಲಾಂದ್ರೆ ಹೊರಡ್ತೀನಿ" ಅಂದೆ.

ಮೇಡಂ ಪೆನ್ನು ಕೆಳಗಿಟ್ಟರು. "ಲಗ್ನಪತ್ರಿಕೆನಾ? ಇದನ್ನ ಯಾಕೆ ಮುಚ್ಚಿಟ್ರಿ?" ಅಂತ ತಮ್ಮ ಕಷ್ಟ ಹೇಳಿಕೊಂಡ್ರು. ಅಪ್ಪ ತೀರಿಕೊಂಡ ಮೇಲೆ ನಾಲ್ವರು ಅಣ್ಣತಮ್ಮಂದಿರು ಸೇರಿ ನಡೆಸೋ ಒಂದು ಸೀರೆ ಅಂಗಡಿ. ವೆಬ್‌ಸೈಟ್ ಎಲ್ಲ ಸಿದ್ಧ, "ನಮ್ಮ ಬಗ್ಗೆ" ಅನ್ನೋ ಪುಟದಲ್ಲಿ ಯಾರ ಫೋಟೋ ಮೊದಲು ಅಂತ ನಾಲ್ಕು ತಿಂಗಳಿಂದ ಜಗಳ. ದೊಡ್ಡವನು ವಯಸ್ಸು ಅಂತಾನೆ, ಎರಡನೆಯವನು ಅಂಗಡಿ ನೋಡ್ಕೊಳ್ಳೋದು ನಾನು ಅಂತಾನೆ, ಉಳಿದಿಬ್ಬರು ಮಾತೇ ಬಿಟ್ಟಿದಾರೆ.

"ಇಷ್ಟೇನಾ?" ಅಂದೆ. "ಎಲ್ಲಕ್ಕಿಂತ ಮೇಲೆ ತೀರಿಕೊಂಡ ಅವರಪ್ಪನ ಫೋಟೋ ಹಾಕಿ, ಹಾರ ಸಮೇತ. ಅಪ್ಪನ ಕೆಳಗೆ ನಿಲ್ಲೋಕೆ ಯಾವ ಮಗನೂ ತಕರಾರು ಮಾಡಲ್ಲ. ಅದರ ಕೆಳಗೆ ನಾಲ್ಕು ಫೋಟೋನೂ ಪ್ರತಿ ಸಲ ಪುಟ ತೆರೆದಾಗ ಜಾಗ ಬದಲಾಯಿಸ್ಲಿ. ಒಂದು ಸಲ ಇವನು ಮೊದಲು, ಇನ್ನೊಂದು ಸಲ ಅವನು. ಕಾಗದದ ಮೇಲೆ ಇದು ಆಗ್ತಿರ್ಲಿಲ್ಲ ಮೇಡಂ, ಇಲ್ಲಿ ಆಗುತ್ತೆ."

ಮೇಡಂ ಲ್ಯಾಪ್‌ಟಾಪ್ ತಿರುಗಿಸಿ ನನ್ನ ಮುಂದೆ ಇಟ್ಟರು. "ಮಾಡಿ ತೋರಿಸಿ." ಮುಕ್ಕಾಲು ಗಂಟೆ ಆಯ್ತು. ಮೊದಲು ಎರಡನೆಯವನ ಫೋಟೋನೇ ಮಾಯ ಆಗ್ತಿತ್ತು, ಸರಿ ಮಾಡಿದೆ. ಅಲ್ಲೇ ಕೂತು ಆ ಅಂಗಡಿಯ ದೊಡ್ಡ ಅಣ್ಣನಿಗೆ ಕಳಿಸಿದ್ರು. ಹತ್ತು ನಿಮಿಷದಲ್ಲಿ ಅವನಿಂದ ಉತ್ತರ: "ಈಗ ಸರಿಯಾಗಿದೆ ಮೇಡಂ. ನಾನೇ ಮೊದಲು ಬರ್ತಿದೀನಿ."

೫. ನನ್ನನ್ನು ಬಲ್ಲವರು

"ಸುಮ್ಮನೆ ಪದ್ಧತಿಗೆ, ನೀವು ಕೊಟ್ಟಿರೋ ಹೆಸರುಗಳಲ್ಲಿ ಒಬ್ಬರಿಗೆ ಫೋನ್ ಮಾಡಿ ಬರ್ತೀನಿ" ಅಂತ ಮೇಡಂ ಆಚೆ ಹೋದ್ರು. ಐದು ನಿಮಿಷ ಬಿಟ್ಟು ಬಂದಾಗ ಮುಖ ಒಂಥರಾ ಆಗಿತ್ತು. "ಮೊದಲನೇ ಹೆಸರಿನ ಹಿರಿಯರು ನನಗೆ ಚೆನ್ನಾಗಿ ಬೈದು ಫೋನ್ ಇಟ್ಟುಬಿಟ್ರು. ಯಾಕೆ ಅಂತ ಅರ್ಥ ಆಗ್ಲಿಲ್ಲ."

ನನಗೂ ಆಗಲಿಲ್ಲ. "ಅವರಿಗೆ ಸ್ವಲ್ಪ ಬಿ.ಪಿ. ಮೇಡಂ" ಅಂದೆ. ಪುಣ್ಯಾತ್ಗಿತ್ತಿ, ಅದನ್ನ ಮನಸ್ಸಿಗೆ ಹಚ್ಚಿಕೊಳ್ಳದೆ ಅಪಾಯಿಂಟ್‌ಮೆಂಟ್ ಲೆಟರ್ ಪ್ರಿಂಟ್ ತೆಗೆದು ಕೈಗೆ ಕೊಟ್ಟರು. ಯುಗಾದಿ ಮಾರನೇ ದಿನದಿಂದ ಕೆಲಸ. ಬಸ್ಸಿನಲ್ಲಿ ಆ ಕಾಗದವನ್ನ ಹತ್ತು ಸಲ ತೆಗೆದು ನೋಡಿದೆ. ಕಣ್ಣು ಒದ್ದೆ ಆಯ್ತು, ಕಿಟಕಿ ಕಡೆ ತಿರುಗಿಕೊಂಡೆ.

ಮನೆ ಬಾಗಿಲಿಗೆ ಬಂದ್ರೆ ಏಳು ಜೊತೆ ಚಪ್ಪಲಿ.

ಒಳಗೆ ನನ್ನನ್ನು ಬಲ್ಲ ಏಳೂ ಜನ ಕೂತಿದ್ರು. ಎಡಗಡೆ ನಮ್ಮ ಕಡೆಯ ನಾಲ್ವರು, ಬಲಗಡೆ ಅವರ ಕಡೆಯ ಮೂವರು, ವಯಸ್ಸಿನ ಪ್ರಕಾರವೇ. ಮಧ್ಯದಲ್ಲಿ ನನ್ನ ಹೆಂಡತಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

"ಯಾರ್ರೀ ಅವಳು?" ಅಂದಳು.

"ಯಾರು?"

ದೊಡ್ಡಪ್ಪ ಎದ್ದು ನಿಂತರು. "ಜೆ.ಪಿ. ನಗರದಿಂದ ಒಬ್ಬಳು ಫೋನ್ ಮಾಡಿದ್ಲು ಕಣೋ. 'ಮನುಷ್ಯ ಹೇಗೆ, ಅಭ್ಯಾಸಗಳೇನು, ಎಷ್ಟು ಸಂಬಳ, ನಂಬಬಹುದಾ' ಅಂತ ವಿಚಾರಿಸ್ತಾಳೆ. ನಲವತ್ತು ವರ್ಷದಿಂದ ನಮ್ಮವರ ಮದುವೆಗೆಲ್ಲ ಫೋನಲ್ಲಿ ವಿಚಾರಿಸಿಕೊಟ್ಟವನು ನಾನು, ಇಂಥಾ ಫೋನ್ ಯಾತಕ್ಕೆ ಬರುತ್ತೆ ಅಂತ ನಂಗೊತ್ತಿಲ್ವಾ? 'ಅವನಿಗೆ ಹೆಂಡತಿ ಇದಾಳೆ, ಬೆಳೆದ ಮಗಳಿದಾಳೆ, ನಾಚಿಕೆ ಆಗಲ್ವಾ ನಿಂಗೆ' ಅಂತ ಉಗಿದು ಇಟ್ಟೆ!"

ಜೇಬಿನಿಂದ ಕಾಗದ ತೆಗೆದು ಹೆಂಡತಿ ಕೈಗೆ ಕೊಟ್ಟೆ. ಅವಳು ಒಂದು ಸಲ ಓದಿದಳು, ಇನ್ನೊಂದು ಸಲ ಓದಿದಳು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಆಮೇಲೆ ಅರಿಶಿನ ತರೋಕೆ ಒಳಗೆ ಓಡಿದಳು. ಕಾಗದ ಎಡಗಡೆಯಿಂದ ಬಲಗಡೆಗೆ ಕೈಯಿಂದ ಕೈಗೆ ಹೋಯ್ತು. ಮಾವ ಕನ್ನಡಕ ಏರಿಸಿ, ಹಾಳೆಯ ಹಿಂದೆ ಮುಂದೆ ತಿರುಗಿಸಿ ನೋಡಿ, "ಅಟೆಸ್ಟ್ ಆಗಿಲ್ಲ ಇದು" ಅಂದ್ರು.

ದೊಡ್ಡಪ್ಪನ ಮುಖ ಮಾತ್ರ ಸಣ್ಣಗಾಗಿತ್ತು. ಬೈದಿದ್ದು ತಪ್ಪಾಯ್ತು ಅಂತ ಒಳಗೊಳಗೇ ಒದ್ದಾಡ್ತಿದ್ರು. ಕೊನೆಗೆ ಗಂಟಲು ಸರಿಮಾಡಿಕೊಂಡು ನನ್ನನ್ನ ಹತ್ತಿರ ಕರೆದ್ರು.

"ಆಗಿದ್ದು ಆಗ್ಹೋಯ್ತು. ಆ ಯಮ್ಮಂಗೆ ಈಗಲೇ ಫೋನ್ ಮಾಡಿ ಹೇಳಿಬಿಡು ಕಣೋ, ಹುಡುಗನ ಕಡೆಯವರದ್ದು ಎಲ್ಲರದೂ ಒಪ್ಪಿಗೆ ಇದೆ ಅಂತ."