ಗೊರಕೆರಾಯರ ಹೊಸ ಹೆಸರು

ಹನ್ನೆರಡು ವರ್ಷದ ಹಿಂದೆ ಒಂದೇ ಒಂದು ಮಧ್ಯಾಹ್ನ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋದ ತಪ್ಪಿಗೆ ನಕಾಶೆ ಕಚೇರಿಯ ಗುಮಾಸ್ತರು ಗೊರಕೆರಾಯರಾದರು. ಹೆಂಡತಿಯೂ ಒಮ್ಮೊಮ್ಮೆ ಬಾಯಿತಪ್ಪಿ ಹಾಗೇ ಕರೆದುಬಿಡುತ್ತಿದ್ದಳು.

ಇವತ್ತು ಮಾತ್ರ ರಾಯರ ಕಾಲು ನೆಲದ ಮೇಲಿರಲಿಲ್ಲ. ಹೆಂಡತಿಗೆ ಹೊಲಿಗೆ ಕಲಿಸುವ ಕಿವುಡ ಟೀಚರ ಬಳಿ ಆರು ತಿಂಗಳಿಂದ ಸನ್ನೆಭಾಷೆ ಕಲಿಯುತ್ತಿದ್ದ ಅವರಿಗೆ ಸಂಜೆ ಕಿವುಡರ ಸಂಘದಲ್ಲಿ ಸನ್ನೆಹೆಸರು, ಅಂದರೆ ಕೈಸನ್ನೆಯಲ್ಲೇ ಕರೆಯುವ ಹೆಸರು, ಸಿಗುವುದಿತ್ತು. ಅದನ್ನು ತಾವೇ ಇಟ್ಟುಕೊಳ್ಳುವಂತಿಲ್ಲ; ಮನುಷ್ಯನನ್ನು ನೋಡಿ ಕಿವುಡರೇ ಕೊಡಬೇಕು.

"ಗೊರಕೆ ಕೇಳಿಸದ ಜನ ಕಣ್ರೀ! ಅಲ್ಲಾದ್ರೂ ಮರ್ಯಾದಸ್ಥರ ಹೆಸರು ಸಿಗುತ್ತೆ!" ಎಂದು ರಾಯರು ಕಚೇರಿಯಲ್ಲೆಲ್ಲ ಸಾರಿದರು.

"ನೋಡಿ ಕೊಡ್ತಾರೆ ಅಂದ್ರೆ ನೋಡೋ ಹಾಗೆ ಏನಾದ್ರೂ ಇರ್ಬೇಕಲ್ಲ ಸಾರ್?" ಎಂದರು ಟೈಪಿಸ್ಟ್ ಮೇಡಂ.

ಸರಿ, ಕಚೇರಿಗೆ ಕಚೇರಿಯೇ ರಾಯರ ಮುಖ ತಿದ್ದಲು ಮುಗಿಬಿತ್ತು. ಜವಾನ ನಕಾಶೆ ಅಂಟಿಸುವ ಗೋಂದು ಹಚ್ಚಿ ಮೀಸೆಯನ್ನು ಗಡಿಯಾರದ ಮುಳ್ಳಿನಂತೆ ನಿಲ್ಲಿಸಿದ. ರಾಯರು ಎದೆಗೆ ಕೈಯಿಟ್ಟು 'ನಾನು' ಎಂಬ ಸನ್ನೆ ಅಭ್ಯಾಸ ಮಾಡುತ್ತಿದ್ದಾಗಲೇ ಸಾಹೇಬರು ಒಳಗೆ ಬಂದರು.

"ಹಳೇ ನಕಾಶೆಗಳನ್ನೆಲ್ಲ ಮಹಡಿಗೆ ಸಾಗಿಸೋರು ಯಾರ್ರೀ? ಓ, ನೀವಾ? ಭೇಷ್!"

ಐದು ಗಂಟೆವರೆಗೂ ರಾಯರು ಮೂರು ಮಹಡಿ ಹತ್ತಿ ಇಳಿದರು. ಮೀಸೆ ಮಾತ್ರ ಬಗ್ಗಲಿಲ್ಲ.

ಸಂಘದ ಹಲಗೆ ನೆಲದ ಸಭಾಂಗಣದಲ್ಲಿ ಅಧ್ಯಕ್ಷರ ಭಾಷಣ ಕಾವೇರಿತ್ತು. ದೇಶದ ಸನ್ನೆಭಾಷೆಗೆ ಕಾನೂನಿನ ಮಾನ್ಯತೆ ಬೇಕೇ ಬೇಕೆಂದು ಅವರ ಎರಡೂ ಕೈ ಗುಡುಗುತ್ತಿದ್ದವು. ಸದ್ದಿಲ್ಲದ ಸಭೆ, ಮೆತ್ತನೆ ಕುರ್ಚಿ, ದಣಿದ ಮೈ. ರಾಯರು ಒಂದೇ ಒಂದು ಸಲ ರೆಪ್ಪೆ ಮುಚ್ಚಿದರು.

ತೆರೆದಾಗ ದೀಪಗಳು ಆರಿ ಹತ್ತುತ್ತಿದ್ದವು. ಅಲ್ಲಿ ಎಲ್ಲರ ಗಮನ ಸೆಳೆಯುವುದು ಹಾಗೇ. ನಲವತ್ತು ಮುಖಗಳು ಇವರನ್ನೇ ನೋಡುತ್ತಿದ್ದವು. ಟೀಚರು ಮೂಗಿನ ಕೆಳಗೆ ಬೆರಳಿಟ್ಟು ಪಟಪಟ ಅಲ್ಲಾಡಿಸಿದರು. ಚಪ್ಪಾಳೆಯ ಬದಲು ಎಂಬತ್ತು ಕೈಗಳು ಮೇಲೆದ್ದು ಕುಣಿದವು.

ಮೀಸೆ! ರಾಯರ ಕಣ್ಣು ತುಂಬಿ ಬಂತು. ಹನ್ನೆರಡು ವರ್ಷದ ಅವಮಾನ ಒಂದೇ ಕ್ಷಣದಲ್ಲಿ ತೊಳೆದುಹೋದಂತಾಯಿತು.

"ಮೀಸೆರಾಯ ಅಂತ ತಾನೆ?" ಎಂದು ಕೈಯಲ್ಲೇ ಕೇಳಿದರು.

"ಬರೀ ಮೀಸೆ ಆಗಿದ್ರೆ ಬೆರಳು ಅಲ್ಲಾಡಲ್ಲ," ಟೀಚರ ಕೈ ಉತ್ತರಿಸಿತು. "ನಮಗೆ ಕೇಳಿಸಲ್ಲ, ನಿಜ. ಆದ್ರೆ ಹಲಗೆ ನೆಲ ನೋಡಿ, ಅರ್ಧ ಗಂಟೆಯಿಂದ ಎಲ್ಲರ ಅಂಗಾಲು ಅದುರ್ತಿತ್ತು. ಭೂಕಂಪ ಅಂತ ಅಧ್ಯಕ್ಷರು ಭಾಷಣನೇ ನಿಲ್ಲಿಸಿದ್ರು!"

"ಬದಲಾಯಿಸೋಕೆ ಆಗಲ್ವಾ?"

"ದೇಶದ ಎಲ್ಲ ಸಂಘಗಳಿಗೂ ಈ ಹೆಸರಿನ ವಿಡಿಯೊ ಹೋಗಾಯ್ತಲ್ಲ!"

ಮನೆ ಬಾಗಿಲಲ್ಲಿ ಹೆಂಡತಿ ಕಾದಿದ್ದಳು. "ಏನ್ರೀ ಹೆಸರಿಟ್ರು?"

ರಾಯರು ಮೂಗಿನ ಕೆಳಗೆ ಬೆರಳಿಟ್ಟು, ಉಸಿರು ಬಿಗಿಹಿಡಿದು, ಕಲ್ಲಿನಂತೆ ನಿಂತರು. "ಮೀಸೆ ಕಣೇ."

"ಬೆರಳು ಅಲ್ಲಾಡಿಸೋದು ಮರೆತ್ರಲ್ಲ," ಎಂದಳು ಆಕೆ, ನಗು ತಡೆಯುತ್ತಾ. "ಟೀಚರು ನನಗೂ ವಿಡಿಯೊ ಕಳಿಸಿದ್ದಾರೆ."