ಬ್ಯಾಟರಾಯಪ್ಪನವರು ಓಟಕ್ಕೆ ಹೊರಡುವ ಹೊತ್ತಿನ ಬಗ್ಗೆ

ಇಲಾಖೆ: (ಹೆಸರು ಇನ್ನೂ ಮಂಜೂರಾಗಿರುವುದಿಲ್ಲ)
ಮಹಡಿ ಮೆಟ್ಟಿಲ ಕೆಳಗಿನ ಕೋಣೆ, ಬ್ಯಾಟರಾಯನಪುರ, ಬೆಂಗಳೂರು

ಸಂಖ್ಯೆ: ಓಟ/ವಿಮಾನ/ಹೊತ್ತು/07
ದಿನಾಂಕ: ಗುರುವಾರ, ಊಟಕ್ಕೆ ಮುಂಚೆ

ಸುತ್ತೋಲೆ

ವಿಷಯ: ಪೋರ್ಚುಗಲ್ ದೇಶದ ಪೋರ್ತೊ ಪಟ್ಟಣದಲ್ಲಿ ಮುಂದಿನ ತಿಂಗಳು ನಡೆಯುವ ಮ್ಯಾರಥಾನ್ ಓಟಕ್ಕೆ ಶ್ರೀ ಬ್ಯಾಟರಾಯಪ್ಪನವರು ಯಾವ ಹೊತ್ತಿನ ವಿಮಾನ ಹತ್ತತಕ್ಕದ್ದು ಎಂಬುದನ್ನು ಅಂತಿಮಗೊಳಿಸುವ ಕುರಿತು.

ಉಲ್ಲೇಖ: 1) ಇದೇ ವಿಷಯದ ಹಿಂದಿನ ಆರು ಸುತ್ತೋಲೆಗಳು (ಈ ಪೈಕಿ ಒಂದನ್ನು ಬೇಳೆ ಡಬ್ಬದ ಕೆಳಗೆ ಹಾಸಲಾಗಿದೆ).
2) ಧರ್ಮಪತ್ನಿ ಶ್ರೀಮತಿ ರಾಧಾಮಣಿಯವರ ಮೌಖಿಕ ನೋಟಿಸ್: “ಇವತ್ತು ಸಂಜೆಯೊಳಗೆ ಒಂದು ತೀರ್ಮಾನ ಮಾಡ್ರೀ. ಇಲ್ದಿದ್ರೆ ಆ ಟ್ರ್ಯಾಕ್ ಪ್ಯಾಂಟನ್ನ ನೆಲ ಒರೆಸೋಕೆ ಹಾಕ್ತೀನಿ.”

ಪ್ರಸ್ತಾವನೆ:

ಐವತ್ತೆಂಟು ವರ್ಷದ ಬ್ಯಾಟರಾಯಪ್ಪನವರು (ಇನ್ನು ಮುಂದೆ ‘ಸದರಿ ಓಟಗಾರರು’) ಸರ್ಕಾರಿ ಕಚೇರಿಯೊಂದರಲ್ಲಿ ಅಧೀಕ್ಷಕರಾಗಿದ್ದು, ಸುತ್ತೋಲೆ ಹೊರಡಿಸದೆ ಹಲ್ಲನ್ನೂ ಉಜ್ಜುವವರಲ್ಲ ಎಂದು ಮನೆಯಲ್ಲಿ ಹೆಸರು ಮಾಡಿರುತ್ತಾರೆ. ಈ ಸುತ್ತೋಲೆಯನ್ನು ಬರೆದವರೂ, ಪರಿಶೀಲಿಸಿದವರೂ, ಪಾಲಿಸಬೇಕಾದವರೂ ಅವರೇ ಆಗಿರುವುದರಿಂದ ಯಾವುದೇ ಆಕ್ಷೇಪಣೆ ಬರಲಾರದೆಂದು ಇಲಾಖೆಯು ನಂಬಿತ್ತು.

ಸದರಿ ಓಟಗಾರರು ನಾಲ್ಕು ವರ್ಷಗಳಿಂದ ಜಕ್ಕೂರು ಕೆರೆ ಏರಿಯ ಮೇಲೆ ಓಡುತ್ತಿದ್ದಾರೆ. ಕಳೆದ ಬಾರಿಯ ಅರ್ಧ ಮ್ಯಾರಥಾನ್‌ನಲ್ಲಿ ಎಲ್ಲರ ಹಿಂದೆ ಬರುತ್ತಿದ್ದ ಆಂಬುಲೆನ್ಸಿನ ಚಾಲಕರು, “ಹತ್ಕೊಳ್ಳಿ ಸಾರ್, ಹೆಂಗೂ ಖಾಲಿ ಹೋಗ್ತಿದೆ,” ಎಂದು ಪದೇ ಪದೇ ಕೋರಿದ್ದನ್ನು ಕಡತದಲ್ಲಿ ನಮೂದಿಸಲಾಗಿದೆ. ಆದಾಗ್ಯೂ ಜೀವಮಾನದಲ್ಲಿ ಒಮ್ಮೆ ಪೂರ್ಣ ಮ್ಯಾರಥಾನ್ ಓಡಬೇಕು, ಅದನ್ನು ದೂರದ ಯಾವುದಾದರೂ ಸಮುದ್ರದ ಪಕ್ಕದಲ್ಲಿ ಓಡಬೇಕು ಎಂಬ ಆಸೆ ಅವರನ್ನು ಬಿಟ್ಟಿಲ್ಲ. ಹುಟ್ಟಿ ಬೆಳೆದದ್ದು ಬ್ಯಾಟರಾಯನಪುರದಲ್ಲಿ. ವಿಮಾನ ನಿಲ್ದಾಣ ಮನೆಯಿಂದ ಅರ್ಧ ಗಂಟೆ. ದಿನವಿಡೀ ವಿಮಾನಗಳು ಬಟ್ಟೆ ಒಣಗಿಸುವ ತಂತಿಯ ಮೇಲೇ ಹೋಗುವುದನ್ನು ನೋಡಿರುವ ಸದರಿ ಓಟಗಾರರು ಈವರೆಗೆ ಒಂದನ್ನೂ ಹತ್ತಿರುವುದಿಲ್ಲ.

ಓಟವು ಭಾನುವಾರ ನಡೆಯಲಿದೆ. ಆರ್.ಟಿ. ನಗರದ ಟ್ರಾವೆಲ್ಸಿನ ಕುಮಾರಿ ತರನ್ನುಮ್‌ರವರು ಎರಡು ವಿಮಾನಗಳಲ್ಲಿ ತಲಾ ಒಂದು ಸೀಟು ಹಿಡಿದಿಟ್ಟಿದ್ದಾರೆ: ಓಟದ ವಾರದ ಬುಧವಾರ ಬೆಳಗಿನ ಜಾವ ಮೂರೂವರೆಯದು ಮತ್ತು ಶುಕ್ರವಾರ ಬೆಳಿಗ್ಗೆ ಹತ್ತೂಮುಕ್ಕಾಲರದು. ಇಂದು ಸಂಜೆ ಅಂಗಡಿಯ ಬಾಗಿಲು ಎಳೆಯುವುದರೊಳಗೆ ಒಂದನ್ನು ಒಪ್ಪದಿದ್ದಲ್ಲಿ ಎರಡೂ ಕೈತಪ್ಪುತ್ತವೆ. ಓಟಕ್ಕೆ ಮುಂಚೆ ತಲುಪುವ ಬೇರೆ ಸೀಟು ಇರುವುದಿಲ್ಲ. ಆದ್ದರಿಂದ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಈ ಕೆಳಕಂಡಂತೆ ದಾಖಲಿಸಲಾಗಿದೆ.

1. ಪೋರ್ತೊದಲ್ಲಿ ಬೆಳಿಗ್ಗೆ ಎಂಟಕ್ಕೆ ಓಟ ಆರಂಭವಾಗುವಾಗ ಬ್ಯಾಟರಾಯನಪುರದಲ್ಲಿ ಮಧ್ಯಾಹ್ನ ಒಂದೂವರೆ. ಸದರಿ ಹೊತ್ತಿನಲ್ಲಿ ಸದರಿ ಓಟಗಾರರು ಮುದ್ದೆ, ಬಸ್ಸಾರು ಮುಗಿಸಿ ಕಣ್ಣು ಮುಚ್ಚಿ ಕಡತ ಓದುವ ಪದ್ಧತಿ ಮೂವತ್ತು ವರ್ಷಗಳಿಂದ ಜಾರಿಯಲ್ಲಿದೆ. ಈ ಬಗ್ಗೆ ಹೆಬ್ಬಾಳದಲ್ಲಿ ಟೈರ್ ಅಂಗಡಿ ಇಟ್ಟಿರುವ, ಕೆರೆ ಏರಿಯ ಮೇಲಿನ ಜೊತೆಗಾರ ಶ್ರೀ ಜಮೀರ್‌ರವರು, “ಅಣ್ಣಾ, ಬುಧವಾರನೇ ಹೋಗ್ಬಿಡಿ. ಅಲ್ಲಿ ಮೂರ್ ದಿನ ಮಲಗೆದ್ರೆ ಬಾಡಿ ಸೆಟ್ ಆಗುತ್ತೆ. ಶುಕ್ರವಾರ ಹೋದ್ರೆ ಓಡ್ತಾ ಓಡ್ತಾನೇ ಗೊರಕೆ ಹೊಡೀತೀರ,” ಎಂದು ತಾಂತ್ರಿಕ ಅಭಿಪ್ರಾಯ ನೀಡಿರುತ್ತಾರೆ.

2. ದೇಹವನ್ನು ಊರಿನಲ್ಲೇ ಒಗ್ಗಿಸುವ ಸಲುವಾಗಿ ಹಜಾರದ ಗಡಿಯಾರವನ್ನು ಪೋರ್ತೊ ಸಮಯಕ್ಕೆ ತಿರುಗಿಸಲು ಆದೇಶಿಸಲಾಗಿತ್ತು. ಅಡುಗೆಮನೆಯ ಗಡಿಯಾರಕ್ಕೆ ಈ ಆದೇಶ ಅನ್ವಯಿಸುವುದಿಲ್ಲವೆಂದು ರಾಧಾಮಣಿಯವರು ಲಟ್ಟಣಿಗೆ ಸಹಿತ ಸ್ಪಷ್ಟಪಡಿಸಿದರು. ಪರಿಣಾಮವಾಗಿ, ದೀಪ ಹಚ್ಚುವ ಹೊತ್ತಿಗೆ ಹಜಾರದಲ್ಲಿ ಮಧ್ಯಾಹ್ನ ಒಂದು ಗಂಟೆಯಾಗಿದ್ದು, ಸದರಿ ಓಟಗಾರರು ಒಂದೇ ದಿನ ಎರಡು ಮಧ್ಯಾಹ್ನದ ಊಟ ಮಾಡಿರುತ್ತಾರೆ. ಊಟದ ವಿಷಯದಲ್ಲಿ ದೇಹವು ಎರಡೂ ದೇಶಗಳಿಗೆ ತಕ್ಷಣವೇ ಹೊಂದಿಕೊಂಡಿದೆ ಎಂದು ಸಂತೋಷದಿಂದ ವರದಿ ಮಾಡಲಾಗಿದೆ.

3. ಬೆಳಗಿನ ದೇಹಬಾಧೆ: ಇದು ಸೂಕ್ಷ್ಮ ವಿಷಯವಾಗಿರುವುದರಿಂದ ಸಣ್ಣ ಅಕ್ಷರದಲ್ಲಿ ಓದತಕ್ಕದ್ದು. ಓಟಕ್ಕೆ ನಿಲ್ಲುವ ಮುನ್ನ ಈ ಕೆಲಸ ಇತ್ಯರ್ಥವಾಗುವುದು ಅತ್ಯಗತ್ಯ. ಊರಿನಲ್ಲಿ ಇದು ಬೆಳಿಗ್ಗೆ ಐದೂವರೆಗೆ ತಪ್ಪದೆ ನಡೆಯುತ್ತಿದ್ದು, ಪೋರ್ತೊದಲ್ಲಿ ಅದು ಸರಿಯಾಗಿ ಮಧ್ಯರಾತ್ರಿಯಾಗುತ್ತದೆ. ಬುಧವಾರ ಹೊರಟಲ್ಲಿ ಸದರಿ ಕಾರ್ಯವನ್ನು ಸ್ಥಳೀಯ ಬೆಳಿಗ್ಗೆಗೆ ವರ್ಗಾಯಿಸಲು ಕಾಲಾವಕಾಶ ಸಿಗಲಿದೆ. ವರ್ಗಾವಣೆ ಆದೇಶವನ್ನು ಹೊಟ್ಟೆಯು ಪಾಲಿಸದಿದ್ದಲ್ಲಿ ಅದರ ಮೇಲೆ ಶಿಸ್ತುಕ್ರಮ ಜರುಗಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.

4. ಶುಕ್ರವಾರದ ವಿಮಾನ: ಸದರಿ ಓಟಗಾರರು ರಾಹುಕಾಲವನ್ನು ನಂಬುವುದಿಲ್ಲ, ಆದರೆ ನೋಡದೆ ಬಿಡುವುದೂ ಇಲ್ಲ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲವಿದ್ದು, ವಿಮಾನವು ಹತ್ತೂಮುಕ್ಕಾಲಿಗೆ ಏಳುತ್ತದೆ. ಪ್ರಯಾಣವು ಮನೆ ಬಿಟ್ಟಾಗ ಆರಂಭವೋ, ಚಕ್ರ ನೆಲ ಬಿಟ್ಟಾಗ ಆರಂಭವೋ ಎಂಬ ಬಗ್ಗೆ ಸ್ಪಷ್ಟೀಕರಣ ಕೋರಿ ದೇವಸ್ಥಾನದ ಅರ್ಚಕರಿಗೆ ಪತ್ರ ಬರೆಯಲಾಗಿದೆ. ವಿಮಾನ ಒಂದೂಕಾಲು ಗಂಟೆ ತಡವಾದಲ್ಲಿ ದೋಷ ತಾನಾಗಿಯೇ ನಿವಾರಣೆಯಾಗುವುದರಿಂದ, ತಡವಾಗಲೆಂದು ಕುಟುಂಬದ ಎಲ್ಲ ಸದಸ್ಯರೂ ಹಾರೈಸತಕ್ಕದ್ದೆಂದು ಆರನೇ ಸುತ್ತೋಲೆಯಲ್ಲಿ ಸೂಚಿಸಲಾಗಿತ್ತು. ಯಾರೂ ಹಾರೈಸಿರುವುದಿಲ್ಲ.

5. ಬುಧವಾರದ ವಿಮಾನ: ಇದಕ್ಕೆ ಸದರಿ ಓಟಗಾರರ ತಾಯಿಯವರಾದ, ಎಂಬತ್ತೊಂದು ವರ್ಷದ ಶ್ರೀಮತಿ ಮುನಿವೆಂಕಟಮ್ಮನವರಿಂದ ತೀವ್ರ ಆಕ್ಷೇಪಣೆ ಸ್ವೀಕೃತವಾಗಿದೆ. ಮೊದಲು ಬುಧವಾರವೆಂದು ಕೇಳಿ ತಲೆಯಾಡಿಸಿದ್ದ ಅವರು, ಮನೆ ಬಿಡುವುದು ಮಂಗಳವಾರ ರಾತ್ರಿ ಎಂದು ತಿಳಿದ ಕೂಡಲೇ, “ಮಂಗ್ಳಾರ ಯಾರಾನಾ ದೂರ ಒಲ್ಡ್ತಾರೇನೋ? ಒತ್ತು ಉಟ್ಟಿದ್ಮೇಲಲ್ವಾ ಬುಧ್ವಾರ!” ಎಂದು ಎಲೆಅಡಿಕೆ ಚೀಲವನ್ನು ಕೆಳಗಿಟ್ಟಿರುತ್ತಾರೆ. ಟಿಕೆಟ್ಟಿನ ಪ್ರಕಾರ ಮಧ್ಯರಾತ್ರಿ ದಾಟಿದರೆ ಬುಧವಾರ. ಗೋಡೆಯ ಪಂಚಾಂಗದ ಪ್ರಕಾರ ಸೂರ್ಯ ಹುಟ್ಟುವವರೆಗೂ ಮಂಗಳವಾರ. ಇಬ್ಬರಲ್ಲಿ ಯಾರು ಮೇಲಧಿಕಾರಿ ಎಂಬುದು ಇಲಾಖೆಗೆ ತಿಳಿದುಬಂದಿರುವುದಿಲ್ಲ.

6. ಪರಿಹಾರವಾಗಿ ರಾಧಾಮಣಿಯವರು ‘ಪ್ರಸ್ಥಾನ’ ಇಡುವ ಹಳೆಯ ಪದ್ಧತಿಯನ್ನು ಸೂಚಿಸಿದರು. ಒಳ್ಳೆಯ ದಿನ ನೋಡಿ ಪ್ರಯಾಣದ ಒಂದು ಸಾಮಾನನ್ನು ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಅಂದೇ ಶುರುವಾಯಿತೆಂದು ಲೆಕ್ಕ. ಆಮೇಲೆ ಯಾವ ವಾರ ಹೊರಟರೂ ದೋಷವಿಲ್ಲ. ಸದರಿ ಪದ್ಧತಿಯನ್ನು ಪ್ರಾಯೋಗಿಕವಾಗಿ ಜಾರಿಗೊಳಿಸಿ, ಕಳೆದ ಸೋಮವಾರ ಓಟದ ಬೂಟುಗಳನ್ನು ಜಮೀರ್‌ರವರ ಮನೆಯಲ್ಲಿ ಇರಿಸಲಾಯಿತು. ಜಮೀರ್‌ರವರ ತಾಯಿ ಮೆಹಬೂಬ್ ಬೀ ರವರು ಬೂಟುಗಳನ್ನು ಒಮ್ಮೆ ಮೂಸಿ ನೋಡಿ, ಒಗೆಯಲು ಕೊಟ್ಟಿದ್ದಾರೆಂದು ಭಾವಿಸಿ, ರಾತ್ರಿಯಿಡೀ ಸೋಪಿನ ಪುಡಿಯಲ್ಲಿ ನೆನೆಹಾಕಿದ್ದಾರೆ. ಮರುದಿನ ಸದರಿ ಓಟಗಾರರು ಬಚ್ಚಲುಮನೆಯ ಚಪ್ಪಲಿಯಲ್ಲಿ ಕೆರೆ ಏರಿಯ ಮೇಲೆ ಓಡಿದ್ದು, ವಾಕಿಂಗ್ ಬಂದಿದ್ದ ಹೆಂಗಸರು ಅವರನ್ನು ನಾಯಿ ಅಟ್ಟಿಸಿಕೊಂಡು ಬರುತ್ತಿದೆಯೆಂದು ಬಗೆದು ದಾರಿ ಬಿಟ್ಟಿರುತ್ತಾರೆ. ಬೂಟುಗಳು ಮನೆಗೆ ವಾಪಸಾದ್ದರಿಂದ ಪ್ರಸ್ಥಾನ ರದ್ದಾಗಿದ್ದು, ಅವುಗಳಿಂದ ಈಗ ಮಲ್ಲಿಗೆಯ ವಾಸನೆ ಬರುತ್ತಿದೆ.

7. ಈ ಕಡತ ತೆರೆದ ನಂತರ ಸದರಿ ಓಟಗಾರರು ಓಡಿದ್ದಕ್ಕಿಂತ ಕುರ್ಚಿಯಲ್ಲಿ ಕೂತದ್ದೇ ಹೆಚ್ಚಾಗಿದೆ. ಹೊಟ್ಟೆಯು ಮುಂದಕ್ಕೆ ಬಂದಿದ್ದು, ಇದನ್ನು ಕೈಚೀಲವೆಂದು ಪರಿಗಣಿಸಬಹುದೇ ಎಂದು ವಿಚಾರಿಸಲಾಗಿದೆ.

8. ಈ ಸುತ್ತೋಲೆಯ ಮೇಲಿನ ಅಂಶಗಳನ್ನು ಬರೆಯುತ್ತಿರುವಾಗಲೇ ಕುಮಾರಿ ತರನ್ನುಮ್‌ರವರು ದೂರವಾಣಿ ಕರೆ ಮಾಡಿ, “ಸರ್, ಬುಧವಾರನಾ, ಶುಕ್ರವಾರನಾ? ಒಂದೇ ಒಂದು ಮಾತು ಹೇಳಿ ಸರ್, ಸಾಕು,” ಎಂದು ಕೇಳಿದರು. “ಪರಿಶೀಲನೆಯಲ್ಲಿದೆ” ಎಂದು ಉತ್ತರಿಸಲಾಯಿತು. ಇದು ಒಂದೇ ಮಾತಾಗಿದ್ದರೂ ಅವರು ನಿಟ್ಟುಸಿರು ಬಿಟ್ಟದ್ದು ಸ್ಪಷ್ಟವಾಗಿ ಕೇಳಿಸಿದೆ.

9. ಅಂತಿಮ ವಿಚಾರಣೆ: ಸಹಜ ನ್ಯಾಯದ ದೃಷ್ಟಿಯಿಂದ ಆಕ್ಷೇಪಣೆದಾರರನ್ನು ಖುದ್ದು ಆಲಿಸಲು ಸದರಿ ಓಟಗಾರರು ಕಡತ ಹಾಗೂ ಗೋಡೆಯ ಪಂಚಾಂಗ ಸಮೇತ ಹಿತ್ತಲಿಗೆ ತೆರಳಿದರು. ಮುನಿವೆಂಕಟಮ್ಮನವರು ಸೊಪ್ಪು ಬಿಡಿಸುತ್ತಿದ್ದರು. ಮಂಗಳವಾರದ ಬಗ್ಗೆ ಪಂಚಾಂಗದ ಪುಟ ತೆರೆಯುತ್ತಿದ್ದಂತೆ ಅವರು ತಲೆಯೆತ್ತದೆ ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

“ಮಂಗ್ಳಾರನೂ ಇಲ್ಲ, ಗಿಂಗ್ಳಾರನೂ ಇಲ್ಲ ಕಣೋ. ರಾತ್ರಿ ಆ ನಿದ್ದೆ ಮಾತ್ರೆ ನುಂಗಿದ್ರೆ ನಂಗೆ ಗ್ಯಾನ ಇರಾಕಿಲ್ಲ. ನೀನು ಅಷ್ಟು ದೂರ ಓಗೋವಾಗ ನಾನು ಬಾಗ್ಲಾಗೆ ನಿಂತ್ಕಂಡು ನೋಡ್ಬೇಡ್ವಾ? ಓಗ್ಬಿಟ್ ಬಾ ಅಂತ ಯಾರು ಏಳ್ತಾರೆ? ನಂಗೋಸ್ಕರ ಇರು ಅಂದ್ರೆ ನೀನು ಕೇಳ್ತೀಯೋ ಇಲ್ವೋ. ವಾರ ಅಂದ್ರೆ ಕೇಳ್ತೀಯ. ಅದುಕ್ಕೇ ವಾರ ಅಂದೆ.”

ಸದರಿ ಓಟಗಾರರು ಪಂಚಾಂಗವನ್ನು ಮುಚ್ಚಿದರು. ಆರು ಸುತ್ತೋಲೆಗಳಲ್ಲಿ ರಾಹುವನ್ನು ವಿಚಾರಿಸಿದರು, ಹೊಟ್ಟೆಯನ್ನು ವಿಚಾರಿಸಿದರು. ತಾಯಿಯನ್ನು ಒಂದು ಮಾತು ಏಕೆಂದು ಕೇಳಿರಲಿಲ್ಲ. ಅವರಿಗೆ ಬಹಳ ನಾಚಿಕೆಯಾಯಿತು. ಕಣ್ಣು ಒದ್ದೆಯಾದದ್ದಕ್ಕೆ ಕಾರಣ ಈರುಳ್ಳಿ ಎಂದು ಷರಾ ಬರೆಯಲಾಗಿದೆ. ಹಿತ್ತಲಿನಲ್ಲಿ ಈರುಳ್ಳಿ ಇರಲಿಲ್ಲ.

ಆದೇಶ:

ಮೇಲ್ಕಂಡ ಹಿನ್ನೆಲೆಯಲ್ಲಿ ಹಿಂದಿನ ಎಲ್ಲ ಸುತ್ತೋಲೆಗಳನ್ನು ಹಿಂಪಡೆದು, ಈ ಮೂಲಕ ಸೂಚಿಸುವುದೇನೆಂದರೆ:

ಅ) ಅಂಶ 1 ಮತ್ತು 3ರಲ್ಲಿನ ಕಾರಣಗಳಿಗಾಗಿ ಬುಧವಾರದ ವಿಮಾನವನ್ನೇ ಅಂಗೀಕರಿಸಲಾಗಿದೆ.

ಆ) ವಿಮಾನ ಬೆಳಗಿನ ಜಾವಕ್ಕಿದ್ದರೂ, ನಿಲ್ದಾಣ ಅರ್ಧ ಗಂಟೆಯ ದಾರಿಯಾಗಿದ್ದರೂ, ಸದರಿ ಓಟಗಾರರು ಮಂಗಳವಾರ ಸಂಜೆ ಐದಕ್ಕೆ, ಬೆಳಕಿರುವಾಗ, ತಾಯಿಯವರು ಮಾತ್ರೆ ನುಂಗುವ ಮುನ್ನ ಮನೆ ಬಿಡತಕ್ಕದ್ದು.

ಇ) ಉಳಿದ ಹೊತ್ತನ್ನು, ನಿಲ್ದಾಣದ ವಿರುದ್ಧ ದಿಕ್ಕಿನಲ್ಲಿರುವ ಜಮೀರ್‌ರವರ ಅಂಗಡಿಯಲ್ಲಿ, ಟೈರುಗಳ ನಡುವೆ ಕೂತು ಕಳೆಯತಕ್ಕದ್ದು. ಬೂಟುಗಳು ಕಾಲಿನಲ್ಲೇ ಇರತಕ್ಕದ್ದು.

ಈ) ಹೊರಟ ಮೇಲೆ ಬೀದಿಯ ತಿರುವಿನಲ್ಲಿ ನಿಂತು ಒಮ್ಮೆ ಹಿಂತಿರುಗಿ ನೋಡತಕ್ಕದ್ದು. ಈ ಅಂಶಕ್ಕೆ ಯಾವ ಕಾರಣಕ್ಕೂ ವಿನಾಯಿತಿ ಇರುವುದಿಲ್ಲ.

ಸಹಿ/-
(ಬ್ಯಾಟರಾಯಪ್ಪ)
ಅಧೀಕ್ಷಕರು, ಪರಿಶೀಲನಾಧಿಕಾರಿಗಳು ಹಾಗೂ ಸದರಿ ಓಟಗಾರರು

ಪ್ರತಿಗಳು:

1. ಕುಮಾರಿ ತರನ್ನುಮ್, ಆರ್.ಟಿ. ನಗರ: ಸುತ್ತೋಲೆ ಓದುವಷ್ಟು ತಾಳ್ಮೆ ಉಳಿದಿಲ್ಲವೆಂದು ತಿಳಿಸಿದ್ದರಿಂದ “ಬುಧವಾರ” ಎಂಬ ಒಂದು ಮಾತನ್ನು ಮಾತ್ರ ರವಾನಿಸಲಾಗಿದೆ.
2. ಶ್ರೀ ಜಮೀರ್, ಹೆಬ್ಬಾಳ: ಒಂದು ಸ್ಟೂಲು ಖಾಲಿ ಇಡಲು.
3. ಶ್ರೀಮತಿ ಮೆಹಬೂಬ್ ಬೀ: ಇನ್ನು ಮುಂದೆ ಏನನ್ನೂ ನೆನೆಹಾಕದಿರಲು, ಗೌರವಪೂರ್ವಕ ಕೋರಿಕೆಯೊಂದಿಗೆ.
4. ಶ್ರೀಮತಿ ರಾಧಾಮಣಿ: ಬೇಳೆ ಡಬ್ಬದ ಕೆಳಗೆ ಹಾಸುವ ಮುನ್ನ ಒಮ್ಮೆ ಓದಲು.
5. ಸದರಿ ಓಟಗಾರರ ಹೊಟ್ಟೆ: ಮಾಹಿತಿಗಾಗಿ ಮತ್ತು ಅಗತ್ಯ ಕ್ರಮಕ್ಕಾಗಿ.
6. ಶ್ರೀಮತಿ ಮುನಿವೆಂಕಟಮ್ಮ: ಓದಿ ಹೇಳಲಾಗಿದೆ. “ಐದಕ್ಕಾ? ನಾನು ನಾಕಕ್ಕೇ ಬಾಗ್ಲಿಗೆ ಬಂದು ನಿಂತ್ಕತೀನಿ,” ಎಂದು ಸ್ವೀಕೃತಿ ನೀಡಿರುತ್ತಾರೆ.